ಪೊಟೋಸಿಯ ಬೆಳ್ಳಿ: ಲೆಕ್ಕಕ್ಕೆ ಬಾರದ ನಷ್ಟ

ಲಾಭ-ನಷ್ಟದ ತಃಖ್ತೆಯನ್ನು ಸಿದ್ಧಪಡಿಸುವಾಗ ಯಂತ್ರಗಳ ಸವಕಳಿಗೆ ಹಣ ತೆಗೆದಿಡಬೇಕೆಂಬುದು ವಾಣಿಜ್ಯಶಾಸ್ತ್ರದ ಮೊದಲ ಪಾಠಗಳಲ್ಲೊಂದು. ದುಡಿಯುವವನ ಶ್ವಾಸಕೋಶದ ಸವಕಳಿಗೆ ಮಾತ್ರ ವಸಾಹತುಶಾಹಿಯ ಲೆಕ್ಕಪುಸ್ತಕಗಳಲ್ಲಿ ಸ್ಥಳವಿರಲಿಲ್ಲ. ದಕ್ಷಿಣ ಅಮೆರಿಕದ ಪೊಟೋಸಿ ಇದಕ್ಕೊಂದು ನಿದರ್ಶನ.

ಇಂದಿನ ಬೊಲಿವಿಯದಲ್ಲಿ, ಸುಮಾರು 4,000 ಮೀಟರ್ ಎತ್ತರದಲ್ಲಿರುವ ಈ ಊರಿನ ಬೆಟ್ಟದ ಬೆಳ್ಳಿಯನ್ನು 1545ರಿಂದ ಸ್ಪೇನಿನವರು ಅಗೆಯತೊಡಗಿದರು. ಸ್ಪೇನಿನ ಅಮೆರಿಕದ ಬೆಳ್ಳಿ ಯೂರೋಪಿನ ವ್ಯಾಪಾರಿಗಳ ಮೂಲಕ ಸೂರತ್ತಿಗೂ ಬಂದು, ಮೊಗಲರ ಟಂಕಸಾಲೆಗಳಲ್ಲಿ ರೂಪಾಯಿಯಾಯಿತು. ಆದುದರಿಂದ ಈ ಕಥೆ ನಮಗೆ ತೀರ ದೂರದ್ದಲ್ಲ.

ಸರದಿಯ ದುಡಿಮೆ

ಇಂಕಾ ಅರಸರ ಕಾಲದಲ್ಲಿ ಪ್ರಜೆಗಳು ಸರದಿಯ ಮೇಲೆ ರಾಜ್ಯಕ್ಕೆ ದುಡಿಯುವ 'ಮಿತಾ' ಎಂಬ ಪದ್ಧತಿಯಿತ್ತು. ದುಡಿಯುವವರ ಅನ್ನವಸ್ತ್ರದ ಹೊಣೆ ರಾಜ್ಯದ್ದಾಗಿತ್ತು. 1570ರ ದಶಕದಲ್ಲಿ ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ ಅದೇ ಹೆಸರನ್ನು ಉಳಿಸಿಕೊಂಡು ಅದನ್ನು ಗಣಿಯ ಬಿಟ್ಟಿಯಾಗಿ ಮಾರ್ಪಡಿಸಿದನು. ಹದಿನಾರು ಪ್ರಾಂತಗಳ ಕೆಚುವಾ, ಐಮಾರಾ ಜನರಲ್ಲಿ ಪ್ರಾಯದ ಗಂಡಸರ ಏಳನೆಯ ಒಂದು ಪಾಲು, ವರ್ಷಕ್ಕೆ ಸುಮಾರು 13,000 ಮಂದಿ, ಪೊಟೋಸಿಗೆ ಬರಬೇಕಾಯಿತು. ಹೆಂಡತಿ ಮಕ್ಕಳೊಡನೆ ವಾರಗಟ್ಟಲೆ ನಡೆದು ಬಂದವರಿಗೆ ದೊರೆಯುತ್ತಿದ್ದ ಕೂಲಿ ಹೊಟ್ಟೆಗೂ ಸಾಲದು. ಅನೇಕರು ಊರು ಬಿಟ್ಟು ಓಡಿಹೋದರು, ಹೊಲಗಳು ಬೀಳುಬಿದ್ದವು. 1812ರಲ್ಲಿ ಈ ಪದ್ಧತಿ ಕಾನೂನಿನಂತೆ ರದ್ದಾಯಿತು.

ದೇಹಕ್ಕಾದ ಹಾನಿ

1. ಕಲ್ಲಿನ ಧೂಳು: ಅದಿರನ್ನು ಒಡೆದು ಪುಡಿಮಾಡುವಾಗ ಏಳುವ ಸಿಲಿಕಾ ಕಣಗಳು ಶ್ವಾಸಕೋಶದಲ್ಲಿ ನೆಲೆಸಿ ಅದನ್ನು ಗಡುಸಾಗಿಸುತ್ತವೆ. ಇದೇ ಸಿಲಿಕೋಸಿಸ್. ಕ್ಷಯವು ಇಂಥವರನ್ನು ಸುಲಭವಾಗಿ ಹಿಡಿಯುತ್ತದೆ.

2. ಶೀತ: ಬೆವರು ಸುರಿಸುವ ಸುರಂಗದಿಂದ, ಬೆನ್ನ ಮೇಲೆ ಅದಿರು ಹೊತ್ತು ಏಣಿಯೇರಿ, ಕೊರೆಯುವ ಗಾಳಿಗೆ ಬಂದವರು ಶ್ವಾಸಕೋಶದ ಉರಿಯೂತಕ್ಕೆ ತುತ್ತಾಗುತ್ತಿದ್ದರು.

3. ಪಾದರಸ: ಅದಿರಿನ ಪುಡಿಗೆ ಪಾದರಸ ಬೆರೆಸಿ, ಕಾಲಿನಿಂದ ತುಳಿದು, ಬಳಿಕ ಕಾಯಿಸಿ ಬೆಳ್ಳಿಯನ್ನು ಬೇರ್ಪಡಿಸುತ್ತಿದ್ದರು. ಕಾಯಿಸಿದಾಗ ಏಳುವ ಆವಿಯೇ ದೊಡ್ಡ ವಿಷ. ಬಾಯಲ್ಲಿ ಜೊಲ್ಲು ಸುರಿಯುವುದು, ವಸಡು ಊದಿ ಹಲ್ಲು ಸಡಿಲವಾಗುವುದು, ಕೈಕಾಲು ನಡುಗುವುದು, ಬುದ್ಧಿಭ್ರಮೆ ಇವು ಅದರ ಲಕ್ಷಣಗಳು. ಪಾದರಸವನ್ನು ಒದಗಿಸುತ್ತಿದ್ದ ಪೆರು ದೇಶದ ಹುವಾಂಕವೆಲಿಕಾ ಗಣಿಯ ಕೆಲಸವಂತೂ ಮರಣದಂಡನೆಗೆ ಸಮವೆನಿಸಿತ್ತು.

ನೆಲ-ಜಲಕ್ಕಾದ ಹಾನಿ

ಅದಿರು ಅರೆಯುವ ಚಕ್ರಗಳಿಗೆ ನೀರೊದಗಿಸಲು ಕಟ್ಟಿದ ಕೆರೆಗಳಲ್ಲೊಂದು 1626ರಲ್ಲಿ ಒಡೆದು ಅಪಾರ ಜೀವಹಾನಿಯಾಯಿತು. ಸುತ್ತಣ ಗಿಡಮರಗಳು ಕುಲುಮೆಯ ಉರುವಲಾದವು. ಗಣಿಯ ಕಸ ಇಂದಿಗೂ ಪಿಲ್ಕೊಮಾಯೊ ನದಿಯನ್ನು ಕೆಡಿಸುತ್ತಿದೆ. ಹುವಾಂಕವೆಲಿಕಾದ ಮಣ್ಣಿನ ಮನೆಗಳ ಗೋಡೆಗಳಲ್ಲಿ ಈಗಲೂ ಪಾದರಸವಿದೆ. ಟೊಳ್ಳಾದ ಬೆಟ್ಟದ ನೆತ್ತಿ ಕುಸಿಯತೊಡಗಿದ್ದರಿಂದ 2014ರಲ್ಲಿ ಯುನೆಸ್ಕೊ ಪೊಟೋಸಿಯನ್ನು ಅಪಾಯದಲ್ಲಿರುವ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ನಮಗೇನು ಪಾಠ?

ನಮ್ಮ ಕೋಲಾರದಲ್ಲಿ 1880ರಿಂದ ಬ್ರಿಟಿಷ್ ಕಂಪನಿ ನಡೆಸಿದ ಚಿನ್ನದ ಗಣಿಗಳೂ ಕಾರ್ಮಿಕರಿಗೆ ಸಿಲಿಕೋಸಿಸನ್ನು ಕೊಟ್ಟವು. 2001ರಲ್ಲಿ ಗಣಿ ಮುಚ್ಚಿತು. ಸೈನೈಡ್ ಬೆರೆತ ಮಣ್ಣಿನ ದಿಬ್ಬಗಳು ಉಳಿದವು. ಈ ಮಹಾನಗರಗಳಲ್ಲಿ ನಮ್ಮ ಮನೆಗಳಿಗಾಗಿ ಕಲ್ಲು ಕೊಯ್ಯುವವರೂ ಅದೇ ಧೂಳನ್ನು ಸೇವಿಸುತ್ತಾರೆ. ಅವರ ಕೆಮ್ಮನ್ನು ಬರಿಯ ಕ್ಷಯವೆಂದು ತಿಳಿದು ಔಷಧ ಕೊಡುವುದುಂಟು. ಸಿಲಿಕೋಸಿಸನ್ನು ಗುಣಪಡಿಸುವ ಮದ್ದಿಲ್ಲ, ತಡೆಯುವ ಉಪಾಯವಿದೆ. ಕಲ್ಲನ್ನು ನೀರು ಹಾಯಿಸುತ್ತ ಕೊಯ್ಯಬೇಕು, ಗಾಳಿಯಾಡುವಂತಿರಬೇಕು, ತಕ್ಕ ಮುಖಕವಚವಿರಬೇಕು. ಮನೆ ಕಟ್ಟಿಸುವ ವಾಚಕರು ಗುತ್ತಿಗೆದಾರರನ್ನು ಈ ಬಗ್ಗೆ ಕೇಳಲಿ. ಇದಕ್ಕೆ ತಗಲುವ ವೆಚ್ಚವನ್ನೂ ಅಂದಾಜುಪಟ್ಟಿಯಲ್ಲಿ ಸೇರಿಸುವುದು ನ್ಯಾಯ.