ಮುಚ್ಚಿದ ಲ್ಯಾಪ್‌ಟಾಪ್, ಬೆಳಗುವ ಮಾನಿಟರ್: ಕಚೇರಿಗಳು ಅರಿಯಬೇಕಾದ ವ್ಯವಸ್ಥೆ

ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್‌ಗಳನ್ನು ಜೋಡಿಸಿ, ಒಂದರಲ್ಲಿ ಲೆಡ್ಜರ್ ಮತ್ತೊಂದರಲ್ಲಿ ಇನ್‌ವಾಯ್ಸ್ ಇಟ್ಟುಕೊಂಡು ಕೆಲಸ ಮಾಡುವ ರೂಢಿ ವಾಣಿಜ್ಯ ಕಚೇರಿಗಳಲ್ಲಿದೆ. ಮೇಜಿನ ಜಾಗ ಉಳಿಸಲೆಂದು ಮುಚ್ಚಳವನ್ನು ಮುಚ್ಚಿದೊಡನೆ ಎಲ್ಲ ಪರದೆಗಳೂ ಕಪ್ಪಾಗಿ ಕೆಲಸ ನಿಲ್ಲುವುದುಂಟು. ಇದು ಯಂತ್ರದ ದೋಷವಲ್ಲ; ಸೆಟ್ಟಿಂಗ್‌ನ ಪರಿಣಾಮ.

ಸಾಮಾನ್ಯವಾಗಿ ಮುಚ್ಚಳದಲ್ಲಿ ಸಣ್ಣ ಅಯಸ್ಕಾಂತವೂ ಕೆಳಭಾಗದಲ್ಲಿ ಅದನ್ನು ಗ್ರಹಿಸುವ ಹಾಲ್ ಸಂವೇದಕವೂ ಇರುತ್ತವೆ. ವಿಂಡೋಸ್ ಯಂತ್ರಗಳಲ್ಲಿ ಈ ಸೂಚನೆಯು, 1996ರಲ್ಲಿ ಮೊದಲು ಪ್ರಕಟವಾದ ಎಸಿಪಿಐ ಮಾನದಂಡದ ಮೂಲಕ ಆಪರೇಟಿಂಗ್ ಸಿಸ್ಟಂಗೆ ತಲಪುತ್ತದೆ. ಮುಂದೇನಾಗಬೇಕೆಂಬುದನ್ನು ನಿರ್ಧರಿಸುವುದು ಆಪರೇಟಿಂಗ್ ಸಿಸ್ಟಂ.

ವಿಂಡೋಸ್: ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳಕ್ಕೆ ಸಂಬಂಧಿಸಿದ ಆಯ್ಕೆಯಿದೆ. ಬ್ಯಾಟರಿಗೂ ವಿದ್ಯುತ್ ಸಂಪರ್ಕಕ್ಕೂ ಪ್ರತ್ಯೇಕ ಸೆಟ್ಟಿಂಗ್‌ಗಳಿವೆ. ‘ಪ್ಲಗ್ಡ್ ಇನ್’ ಎಂಬಲ್ಲಿ ಮಾತ್ರ ‘ಡು ನಥಿಂಗ್’ ಆರಿಸಿ, ಬ್ಯಾಟರಿಗೆ ‘ಸ್ಲೀಪ್’ ಉಳಿಸುವುದು ಕ್ಷೇಮಕರ. ವಿಂಡೋಸ್ ಕೀಲಿಯೊಡನೆ ಪಿ ಒತ್ತಿದರೆ ಪರದೆಗಳ ಹಂಚಿಕೆಯನ್ನು ಬದಲಿಸಬಹುದು.

ಲಿನಕ್ಸ್: ಸಿಸ್ಟಮ್‌ಡಿ ಬಳಸುವ ವ್ಯವಸ್ಥೆಗಳಲ್ಲಿ ಒಂದಕ್ಕಿಂತ ಹೆಚ್ಚು ಪರದೆಗಳಿದ್ದರೆ ಅದನ್ನು ಡಾಕ್ ಮಾಡಿದ ಸ್ಥಿತಿಯೆಂದು ಪರಿಗಣಿಸಲಾಗುತ್ತದೆ. ಆಗ ಮುಚ್ಚಳ ಮುಚ್ಚಿದುದನ್ನು ಅಲಕ್ಷಿಸುವುದೇ ಮೂಲ ನಿಯಮ.

ಮ್ಯಾಕ್‌ಬುಕ್: ಮಾನಿಟರಿನೊಂದಿಗೆ ಚಾರ್ಜರ್, ಪ್ರತ್ಯೇಕ ಕೀಬೋರ್ಡ್ ಹಾಗೂ ಮೌಸ್ ಜೋಡಿಸಿದರೆ ಮುಚ್ಚಿದ ಸ್ಥಿತಿಯಲ್ಲಿಯೂ ಕೆಲಸ ಸಾಗುತ್ತದೆ.

ಅನುಕೂಲದ ಜೊತೆಗೆ ಎಚ್ಚರವೂ ಅಗತ್ಯ. ಮೊದಲನೆಯದಾಗಿ, ‘ಡು ನಥಿಂಗ್’ ಆರಿಸಿದ ಮೇಲೆ ಮುಚ್ಚಳ ಮುಚ್ಚಿದರೆ ಯಂತ್ರಕ್ಕೆ ಬೀಗ ಬೀಳುವುದಿಲ್ಲ. ಬ್ಯಾಂಕ್ ಖಾತೆ, ಲೆಕ್ಕಪತ್ರಗಳು ತೆರೆದೇ ಇರುತ್ತವೆ. ಮೇಜು ಬಿಡುವ ಮುನ್ನ ವಿಂಡೋಸ್ ಕೀಲಿಯೊಡನೆ ಎಲ್ ಒತ್ತಬೇಕು. ಎರಡನೆಯದಾಗಿ, ಮುಚ್ಚಿದ ಯಂತ್ರದ ಕೇಬಲ್‌ಗಳನ್ನು ಕಿತ್ತು ಹಾಗೆಯೇ ಚೀಲಕ್ಕೆ ಹಾಕಿದರೆ ಅದು ಒಳಗೇ ಚಾಲನೆಯಲ್ಲಿದ್ದು ಬಿಸಿಯಾಗುವ, ಬ್ಯಾಟರಿ ಬರಿದಾಗುವ ಸಂಭವವಿದೆ; ಮೊದಲು ಸ್ಲೀಪ್ ಅಥವಾ ಶಟ್‌ಡೌನ್ ಮಾಡುವುದು ಲೇಸು. ಮೂರನೆಯದಾಗಿ, ಕೆಲವು ಮಾದರಿಗಳಲ್ಲಿ ಕೀಬೋರ್ಡ್ ಭಾಗದಿಂದಲೂ ಶಾಖ ಹೊರಹೋಗುವುದರಿಂದ, ದೀರ್ಘಕಾಲ ಮುಚ್ಚಿಡುವಾಗ ಗಾಳಿಯಾಡುವ ಸ್ಥಳ ಬೇಕು.

ವಿದ್ಯುತ್ ಕಡಿತವಾದಾಗ ಯುಪಿಎಸ್ ಇಲ್ಲದ ಮಾನಿಟರ್ ಆರಿಹೋದರೂ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಆಶ್ರಯಿಸುತ್ತದೆ. ಕೂಡಲೇ ಮುಚ್ಚಳ ತೆರೆದು, ನಮೂದುಗಳನ್ನು ಉಳಿಸಿಕೊಳ್ಳುವುದನ್ನು ಸಿಬ್ಬಂದಿಗೆ ರೂಢಿಮಾಡಿಸಬೇಕು. ಮಾಸಾಂತ್ಯದ ಲೆಕ್ಕದ ಒತ್ತಡದಲ್ಲಿ ಈ ಸಣ್ಣ ಶಿಸ್ತು ಇಡೀ ದಿನದ ಶ್ರಮವನ್ನು ಕಾಯಬಲ್ಲದು.