ಬೆರಳಿಗೆ ಇಲ್ಲೇನು ಕೆಲಸ?

ನಿಟ್ಟುವಳ್ಳಿಯ ಹೈಸ್ಕೂಲಿಗೆ ಶಿಕ್ಷಕಿಯಾಗಿ ಹೊಸದಾಗಿ ಸೇರಿದ ತಮ್ಮನ ಮಗಳಿಗೆ, ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ದೊಡ್ಡಪ್ಪನ ಕಿವಿಮಾತು.

• ನೋಡಮ್ಮಾ, ಇನ್‌ಫೋಗ್ರಾಫಿಕ್ ಬಗೆಗಳ ಪಾಠದ ಮೊದಲ ದಿನವೇ ಬೋರ್ಡಿನ ಮೇಲೆ ನಕ್ಷೆ, ಬಾರ್ ಚಾರ್ಟ್, ಟೈಮ್‌ಲೈನ್ ಅಂತ ಪಟ್ಟಿ ಬರೆಯಬೇಡ. ಮಕ್ಕಳು ಆಕಾರ ನೋಡಿ ವಿಂಗಡಿಸಿ ಸುಮ್ಮನಾಗುತ್ತಾರೆ. ಪೇಪರಿನಲ್ಲಿ ಅಚ್ಚಾದ ಇನ್‌ಫೋಗ್ರಾಫಿಕ್‌ಗೆ ಅಷ್ಟು ಸಾಕು. ಪರದೆಯ ಮೇಲಿನದಕ್ಕೆ ಕೇಳಬೇಕಾದ್ದು ಒಂದೇ: ಇಲ್ಲಿ ನನ್ನ ಬೆರಳಿಗೇನು ಕೆಲಸ?

• ಬಂದ ಉತ್ತರಗಳನ್ನೇ ಗುಂಪು ಮಾಡಿಸು. ಮುಟ್ಟಿದರೆ ವಿವರ ಕೊಡುವುದು ಒಂದು ಬಗೆ. ದಿಶಾಂಕ್ ಆ್ಯಪಿನಲ್ಲಿ ಹೊಲದ ಮೇಲೆ ಒತ್ತಿದರೆ ಸರ್ವೆ ನಂಬರ್ ಬರುತ್ತದಲ್ಲ, ಅದು. ರೈತರ ಮನೆ ಮಕ್ಕಳಿಗೆ ಇದು ಗೊತ್ತಿರುತ್ತದೆ, ಅವರಿಂದಲೇ ಹೇಳಿಸು. ತಾಲ್ಲೂಕು, ವರ್ಷ, ಬೆಳೆ ಆರಿಸಿಕೊಂಡು ಬೇಕಾದ್ದಷ್ಟನ್ನೇ ನೋಡುವುದು ಇನ್ನೊಂದು. ನಾವೇ ಅಳತೆ ಬದಲಿಸಿ ಫಲ ಏನಾಗುತ್ತದೆಂದು ನೋಡುವುದು ಮತ್ತೊಂದು. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಪ್ರಯೋಗಗಳು ಈ ಜಾತಿಯವು, ಕನ್ನಡದಲ್ಲೂ ಸಿಗುತ್ತವೆ.

• ಪರದೆಯ ಮೇಲೆ ಕುಣಿದದ್ದೆಲ್ಲ ಬೆರಳಿನ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಓಡಿಸು, ನಿಲ್ಲಿಸು ಅನ್ನುವ ಎರಡೇ ಗುಂಡಿ ಇದ್ದರೆ ಅದು ಸಿನಿಮಾ.

• ಲಗಾಮು ಯಾರ ಕೈಯಲ್ಲಿದೆ ಅಂತಲೂ ಕೇಳಿಸು. ಎಡ್ವರ್ಡ್ ಸೆಗೆಲ್, ಜೆಫ್ರಿ ಹೀರ್ ಅನ್ನುವ ಇಬ್ಬರು 2010ರಲ್ಲಿ ಬರೆದ ಪ್ರಬಂಧದ ತಿರುಳೇ ಇದು: ಕೆಲವು ಚಿತ್ರಗಳಲ್ಲಿ ಮಾಡಿದವನು ನಡೆಸುತ್ತಾನೆ, ಕೆಲವದರಲ್ಲಿ ನೋಡುವವನು. ಮೊದಲು ಕೈಹಿಡಿದು ನಡೆಸಿ ಆಮೇಲೆ ಬಯಲಿಗೆ ಬಿಡುವ ಬಗೆಗೆ ಅವರಿಟ್ಟ ಹೆಸರು ಮಾರ್ಟಿನಿ ಗ್ಲಾಸ್. ಎಂಟನೇ ತರಗತಿಗೆ ಹೆಂಡದ ಲೋಟ ಬೇಡಮ್ಮಾ. ಸೀಮೆಎಣ್ಣೆ ಲಾಳಿಕೆಯನ್ನು ತಲೆಕೆಳಗು ಮಾಡಿ ತೋರಿಸು, ಸಾಕು.

• ಒಂದೇ ಚಿತ್ರ ಎರಡು ಗುಂಪಿಗೆ ಸೇರಿದರೆ ಗಾಬರಿಯಾಗಬೇಡ. ಹಾನ್ಸ್ ರೋಸ್ಲಿಂಗ್ 2006ರ ಟೆಡ್ ಭಾಷಣದಲ್ಲಿ ದೇಶಗಳ ಗುಳ್ಳೆಗಳನ್ನು ಓಡಿಸಿ ತೋರಿಸಿದರು; ಕೂತವರು ಬರೀ ನೋಡಿದರು. ಗ್ಯಾಪ್‌ಮೈಂಡರ್ ಜಾಲತಾಣದಲ್ಲಿ ಅಂಥವೇ ಗುಳ್ಳೆಗಳನ್ನು ನಿನ್ನ ಮಕ್ಕಳು ತಾವೇ ಹಿಂದೆ ಮುಂದೆ ಎಳೆಯಬಹುದು. ಜಗಳ ಆಡಲಿ ಬಿಡು. ಅಂಕ ಕೊಡುವಾಗ ಗುಂಪಿನ ಹೆಸರಿಗೆ ಒಂದು, ಕೊಟ್ಟ ಕಾರಣಕ್ಕೆ ಮೂರು.

• ಕಂಪ್ಯೂಟರ್ ಸಾಲದಿದ್ದರೆ, ಕರೆಂಟ್ ಹೋದರೆ, ನಕ್ಷೆ ಬಿಡಿಸಿದ ಹಾಳೆ ಸಾಕು. ಇದನ್ನು ಮಾತ್ರ ತಪ್ಪಿಸಬೇಡ, ನಮ್ಮ ದಾವಣಗೆರೆ ಜಿಲ್ಲೆಯಂಥ ಪಾಠ ಬೇರೆಲ್ಲೂ ಸಿಗದು. ಮೊದಲ ಹಾಳೆಯಲ್ಲಿ 1997ಕ್ಕೆ ಮುಂಚಿನದು: ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಲ್ಲಿ, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿ, ಹರಪನಹಳ್ಳಿ ಬಳ್ಳಾರಿಯಲ್ಲಿ. ಎರಡನೆಯದರಲ್ಲಿ ಆರೂ ಒಂದೇ ಜಿಲ್ಲೆ. ಮೂರನೆಯದರಲ್ಲಿ 2018, ಹರಪನಹಳ್ಳಿ ಮತ್ತೆ ಬಳ್ಳಾರಿಗೆ. ಬೇಕಾದರೆ ನಾಲ್ಕನೆಯದೂ ಇರಲಿ, 2021ರಲ್ಲಿ ಅದು ವಿಜಯನಗರಕ್ಕೆ ಸೇರಿತಲ್ಲ. ಹಾಳೆ ಮಗುಚಿದರೆ ವರ್ಷ ಬದಲಾಗುತ್ತದೆ. ಇದು ಯಾವ ಗುಂಪು ಅಂತ ಕೇಳು. 2011ರ ಜನಗಣತಿಯ ಜಿಲ್ಲಾ ಅಂಕಿಯನ್ನು ಯಾವ ಹಾಳೆಯ ಮೇಲೆ ಬರೆಯಬೇಕೆಂದೂ ಕೇಳು. ಅಲ್ಲಿ ತಡವರಿಸದ ಮಗು ಅಪರೂಪ.

• ಮನೆಗೆಲಸ ಕೊಟ್ಟರೆ ಫೋನಿನಲ್ಲಿ ನೋಡಿದ್ದೋ ಕಂಪ್ಯೂಟರಿನಲ್ಲೋ ಬರೆಸಿಕೋ. ಮೌಸ್ ಮೇಲೆ ತಂದರಷ್ಟೇ ಕಾಣುವ ವಿವರ ಎಷ್ಟೋ ಸಲ ಫೋನಿನಲ್ಲಿ ಸಿಗುವುದೇ ಇಲ್ಲ. ಆಗ ಇಬ್ಬರ ಉತ್ತರ ಬೇರೆ ಬೇರೆಯಾದರೂ ಇಬ್ಬರೂ ಸರಿ.