ಕೃಪೆ ಮತ್ತು ಕರ್ಮ

ಮೋಕ್ಷವು ಜೀವನ ಸುಕೃತದ ಫಲವೋ, ಪರಮಾತ್ಮನ ಕೃಪಾದಾನವೋ ಎಂಬ ಜಿಜ್ಞಾಸೆಯು ಒಂದು ಮತಕ್ಕೆ ಮಾತ್ರ ಸೇರಿದುದಲ್ಲ. ಕ್ರೈಸ್ತಮತದಲ್ಲಿ ಸಂತ ಪೌಲನು ಎಫೆಸದವರಿಗೆ ಬರೆದ ಪತ್ರದಲ್ಲಿ, ರಕ್ಷಣೆಯು ವಿಶ್ವಾಸದ ಮೂಲಕ ದೊರೆಯುವ ದೇವರ ದಾನವೆಂದೂ, ಅದು ಕರ್ಮಾರ್ಜಿತವಲ್ಲವಾದುದರಿಂದ ಗರ್ವಕ್ಕೆ ಎಡೆಯಿಲ್ಲವೆಂದೂ ಬೋಧಿಸಿದ್ದಾನೆ. 16ನೆಯ ಶತಮಾನದಲ್ಲಿ ಜರ್ಮನಿಯ ಮಾರ್ಟಿನ್ ಲೂಥರನು ಇದನ್ನೇ ತನ್ನ ಸಿದ್ಧಾಂತದ ಅಸ್ತಿಭಾರವಾಗಿಸಿದನು. ಕಥೋಲಿಕರಾದರೋ 1545ರಿಂದ 1563ರವರೆಗೆ ನಡೆದ ಟ್ರೆಂಟ್ ಮಹಾಸಭೆಯಲ್ಲಿ, ಕೃಪೆಯೇ ಮೊದಲು, ಆದರೆ ಮನುಷ್ಯನು ಅದಕ್ಕೆ ಸಮ್ಮತಿಸಿ ಸಹಕರಿಸಬೇಕೆಂದು ನಿರ್ಣಯಿಸಿದರು. 1799ರ ತರುವಾಯ ಶ್ರೀರಂಗಪಟ್ಟಣದ ಕ್ರೈಸ್ತರ ಸೇವೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಈ ಪಂಥದವರು.

ಇಂತಹ ಭೇದವು ಸಮೀಪದ ಮೇಲುಕೋಟೆಯ ಶ್ರೀವೈಷ್ಣವರಿಗೂ ಅಪರಿಚಿತವಲ್ಲ. ರಾಮಾನುಜರ ಅನುಯಾಯಿಗಳಲ್ಲಿ ತೆಂಕಲೆಯವರು ಮಾರ್ಜಾಲಕಿಶೋರ ನ್ಯಾಯವನ್ನು, ವಡಕಲೆಯವರು ಮರ್ಕಟಕಿಶೋರ ನ್ಯಾಯವನ್ನು ಹೇಳುವರು. ಬೆಕ್ಕು ತನ್ನ ಮರಿಯನ್ನು ತಾನೇ ಕಚ್ಚಿ ಒಯ್ಯುವುದು. ಕೋತಿಯ ಮರಿಯು ತಾಯಿಯನ್ನು ತಾನೇ ಬಿಗಿದಪ್ಪಬೇಕು.

ಹಾಗಾದರೆ ಕೃಪೆಯನ್ನು ನಂಬಿದವನಿಗೆ ಸದಾಚಾರವು ಬೇಡವೇ? ಬೇಡವೆಂದು ಪೌಲನೂ ಹೇಳಲಿಲ್ಲ, ಲೂಥರನೂ ಹೇಳಲಿಲ್ಲ. ಸತ್ಕರ್ಮವು ರಕ್ಷಣೆಯ ಬೆಲೆಯಲ್ಲ, ಅದರ ಫಲವೆಂಬುದೇ ಅವರ ಅಭಿಪ್ರಾಯ. ಕಾವೇರಿಯ ನೀರನ್ನು ಯಾವ ರೈತನೂ ಸೃಷ್ಟಿಸಲಿಲ್ಲ; ಬೆಳೆದ ಭತ್ತವು ಆ ನೀರಿಗೆ ತೆತ್ತ ಬೆಲೆಯೂ ಅಲ್ಲ. ಆದರೆ ಗದ್ದೆಯು ಬರಡಾಗಿಯೇ ಇದ್ದರೆ ಅಲ್ಲಿ ನೀರು ಹರಿಯಿತೆಂದು ಯಾರು ನಂಬುವರು?

ಶರಣರು ಪ್ರಸಾದವೆಂದುದೂ ಕೃಪೆಯನ್ನೇ. ಕ್ರೈಸ್ತರಿಗೆ ಅದು ಯೇಸುವಿನ ಮೂಲಕ, ಶರಣರಿಗೆ ಗುರುವಿನ ಮೂಲಕ. ಈ ಅಂತರವನ್ನು ಮರೆಯಲಾಗದು. ಆದರೂ ಕಾಯಕ ದಾಸೋಹಗಳನ್ನು ಆಚರಿಸುತ್ತ ಕರ್ತೃತ್ವದ ಅಹಂಕಾರವನ್ನು ತೊರೆಯಬೇಕೆಂಬ ಶರಣಬೋಧೆಯು ಈ ವಿಚಾರಕ್ಕೆ ಸಮೀಪವಾದುದು. ಕೃಪೆಯ ಹೆಸರಿನಲ್ಲಿ ಆಲಸ್ಯವೂ, ಕರ್ಮದ ಹೆಸರಿನಲ್ಲಿ ಗರ್ವವೂ ಭಕ್ತನಿಗೆ ಸಲ್ಲವು.